ದೀಪ ಹೇಳುತ್ತೆ, ಟ್ಯಾಂಕ್ ತುಂಬಿದೆ ಅಂತ

ರಾತ್ರಿ ಒಂಬತ್ತೂವರೆ ಆಗಿತ್ತು. ಆಫೀಸಿನ ಕಾಲ್ ಮುಗಿಸಿ ಕುಕ್ಕರ್ ಇಟ್ಟಿದ್ದೆ. ಸಾಸ್ವೆಹಳ್ಳಿಯಿಂದ ಅವ್ವನ ಫೋನ್ ಬಂತು. ಊಟ ಆಯ್ತಾ ಅಂತ ಕೂಡ ಕೇಳಲಿಲ್ಲ. "ಹಸಿರು ದೀಪ ಉರೀತೈತೆ, ನಲ್ಲೀಲಿ ಹನಿ ನೀರಿಲ್ಲ" ಅಂದಳು.

ಫೋನಿನಲ್ಲಿ ಗಾಳಿ ಸದ್ದು ಜೋರಾಗಿತ್ತು. "ಎಲ್ಲಿದ್ದೀಯವ್ವ?" ಅಂದೆ.

"ಮೇಲೆ. ಟ್ಯಾಂಕ್ ಹತ್ರ."

ನಮ್ಮ ಮನೆಯ ಟ್ಯಾಂಕ್ ಇರೋದು ತಾರಸಿ ಮೇಲಲ್ಲ, ಮೆಟ್ಟಿಲ ಕೋಣೆಯ ತಲೆಯ ಮೇಲೆ. ತಾರಸಿವರೆಗೆ ಮೆಟ್ಟಿಲಿದೆ, ಅಲ್ಲಿಂದ ಮೇಲಕ್ಕೆ ಕಬ್ಬಿಣದ ಏಣಿ. ಅರವತ್ತನಾಲ್ಕು ವರ್ಷದ ಹೆಂಗಸು ಒಂದು ಕೈಯಲ್ಲಿ ಫೋನ್, ಇನ್ನೊಂದರಲ್ಲಿ ಬ್ಯಾಟರಿ ಹಿಡಿದು ಆ ಏಣಿ ಹತ್ತಿದ್ದಳು. ಇಳಿಯುವಾಗ ಕೊನೇ ಮೆಟ್ಟಿಲು ತಪ್ಪಿ ಕಾಲು ಊದಿಕೊಂಡಿದ್ದು ನನಗೆ ಗೊತ್ತಾಗಿದ್ದು ಮೂರು ದಿನ ಬಿಟ್ಟು, ಅದೂ ಪಕ್ಕದ ಮನೆ ಅತ್ತೆಯಿಂದ.

ಊರಲ್ಲಿ ಅಪ್ಪ ಅಮ್ಮನ್ನ ಬಿಟ್ಟು ಬೆಂಗಳೂರಲ್ಲೋ ಪುಣೆಯಲ್ಲೋ ಇರೋ ನಿಮಗೆ ಇದು ಹೊಸ ಕತೆ ಏನಲ್ಲ. ನಾವು ದೂರದಲ್ಲಿದ್ದು ಮಾಡೋ ಮೊದಲ ಕೆಲಸ ಅಂದ್ರೆ ಒಂದು ಆಟೋಮ್ಯಾಟಿಕ್ ಡಬ್ಬಿ ತಂದು ಹಾಕಿಸೋದು. ಅಪ್ಪ ತೀರಿಕೊಂಡ ವರ್ಷ ನಾನೂ ಅದನ್ನೇ ಮಾಡಿದ್ದೆ. ಪಂಚಾಯಿತಿ ನೀರು ಬಂದು ಸಂಪಿಗೆ ಬೀಳುತ್ತೆ. ಅದು ಬಾರದ ದಿನ ಹಿತ್ತಲ ಬೋರಿನ ನೀರನ್ನೇ ಸಂಪಿಗೆ ಬಿಡ್ತೀವಿ. ಅಲ್ಲಿಂದ ಅರ್ಧ ಎಚ್‌ಪಿ ಮೋಟರ್ ಸಾವಿರ ಲೀಟರಿನ ಟ್ಯಾಂಕಿಗೆ ಎತ್ತುತ್ತೆ. ಟ್ಯಾಂಕ್ ಖಾಲಿಯಾದ್ರೆ ಮೋಟರ್ ತಾನೇ ಆನ್, ತುಂಬಿದ್ರೆ ತಾನೇ ಆಫ್, ಹಸಿರು ದೀಪ ಹತ್ತಿದ್ರೆ ತುಂಬಿದೆ ಅಂತ ಅರ್ಥ. ಅವ್ವನಿಗೆ ಇಷ್ಟು ಹೇಳಿಕೊಟ್ಟು ಬಸ್ ಹತ್ತಿದ್ದೆ.

ಅಪ್ಪನಿಗೆ ಯಾವ ದೀಪವೂ ಬೇಕಿರಲಿಲ್ಲ. ಬೆರಳ ಗೆಣ್ಣಿನಿಂದ ಟ್ಯಾಂಕಿನ ಮೈಯನ್ನ ಮೇಲಿಂದ ಕೆಳಕ್ಕೆ ಬಡೀತಾ ಬರ್ತಿದ್ರು. ಖಾಲಿ ಇರೋ ಕಡೆ ಡಬ ಡಬ ಅನ್ನುತ್ತೆ, ನೀರಿನ ಮಟ್ಟ ಬಂದ ಕೂಡಲೇ ಸದ್ದು ಸತ್ತುಹೋಗುತ್ತೆ. ಅವ್ವ ಅವತ್ತು ರಾತ್ರಿ ಮೇಲೆ ಹತ್ತಿದ್ದು ಆ ಥರ ಬಡಿದು ನೋಡೋಕೆ.

ಇದಕ್ಕೂ ಮುಂಚೆ ಇನ್ನೊಂದು ಆಗಿತ್ತು. ಐದಾರು ತಿಂಗಳ ಹಿಂದೆ ಇದೇ ಡಬ್ಬಿ ತದ್ವಿರುದ್ಧ ಮಾಡ್ತಿತ್ತು. ಟ್ಯಾಂಕ್ ತುಂಬಿ ಸುರಿದು ಗೋಡೆಯೆಲ್ಲ ನೆನೆದ್ರೂ ಮೋಟರ್ ನಿಲ್ತಿರಲಿಲ್ಲ. ರಿಪೇರಿಯವರು ಬಂದು "ಡಬ್ಬಿ ಹೋಗೈತೆ" ಅಂತ ಹೊಸ ಡಬ್ಬಿ ಹಾಕಿ ದುಡ್ಡು ತಗೊಂಡು ಹೋದ್ರು. ಸರಿಯಾಯ್ತು. ಈಗ ಮತ್ತೆ ಅವರಿಗೇ ಫೋನ್ ಮಾಡಿದ್ರೆ, ನೋಡದೇನೇ "ಡಬ್ಬಿ ಹೋಗಿರಬೇಕು ಮೇಡಂ" ಅಂದ್ರು. ಐದು ತಿಂಗಳಲ್ಲಿ ಎರಡು ಡಬ್ಬಿ! ನಾನು ಕೆಲಸ ಮಾಡೋದು ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ. ಒಂದೇ ವಸ್ತು ಮೊದಲು ಒಂದು ದಿಕ್ಕಿಗೆ, ಆಮೇಲೆ ಅದರ ಎದುರು ದಿಕ್ಕಿಗೆ ತಪ್ಪು ಹೇಳಿದ್ರೆ ನಮಗೆ ಮೂಗು ತುರಿಸುತ್ತೆ.

ಆ ವಾರ ಅಮೆರಿಕದಲ್ಲಿರೋ ಅಕ್ಕನ ಜೊತೆ ಮಾತಾಡ್ತಾ ಇದನ್ನ ಹೇಳಿದೆ. ಹಿಂದಿನಿಂದ ಭಾವ ಜೋರಾಗಿ ನಗೋದು ಕೇಳಿಸ್ತು. "ನನ್ನ ಗಾಡೀದೂ ಇದೇ ಕಾಯಿಲೆ" ಅಂದ್ರು.

ಭಾವನ ಹತ್ರ ಹಳೇ ಮೋಟರ್‌ಹೋಮ್ ಒಂದಿದೆ. ಒಳಗೇ ಮಂಚ, ಒಲೆ, ಕಕ್ಕಸು ಎಲ್ಲ ಇರೋ ಬಸ್ಸಿನಂಥ ಗಾಡಿ. ಅದರ ಹೊಟ್ಟೆಯಡಿ ಮೂರು ಟ್ಯಾಂಕ್. ಒಂದು ಒಳ್ಳೇ ನೀರಿಗೆ, ಒಂದು ಪಾತ್ರೆ ತೊಳೆದ, ಸ್ನಾನ ಮಾಡಿದ ನೀರಿಗೆ, ಇನ್ನೊಂದು ಕಕ್ಕಸಿನದಕ್ಕೆ. ಕೊಳೆ ನೀರಿನ ಎರಡನ್ನೂ ಎಲ್ಲೆಂದರಲ್ಲಿ ಖಾಲಿ ಮಾಡೋ ಹಾಗಿಲ್ಲ, ಅದಕ್ಕೇ ಮಾಡಿದ ಜಾಗಕ್ಕೆ ಹೋಗಿಯೇ ಬಿಡಬೇಕು. ಹಾಗಾಗಿ ಎಷ್ಟು ತುಂಬಿದೆ ಅನ್ನೋದು ಗೊತ್ತಿರಲೇಬೇಕು, ಇಲ್ಲದಿದ್ದರೆ ಕಾಡಿನ ನಡುವೆ ಕಕ್ಕಸು ಉಕ್ಕುತ್ತೆ. ಗೊತ್ತಾಗೋಕೆ ಟ್ಯಾಂಕಿನ ಗೋಡೆಯಲ್ಲಿ ಮೂರನೇ ಒಂದು, ಮೂರನೇ ಎರಡು, ಪೂರ್ತಿ, ಹೀಗೆ ಒಂದೊಂದು ಎತ್ತರದಲ್ಲಿ ಲೋಹದ ಬೋಲ್ಟ್ ಕೂರಿಸಿರ್ತಾರೆ. ನೀರು ಬೋಲ್ಟನ್ನ ಮುಟ್ಟಿದ್ರೆ ಅದರ ಮೂಲಕ ಸಣ್ಣ ಕರೆಂಟ್ ಹರಿದು ಒಳಗೆ ದೀಪ ಹತ್ತುತ್ತೆ. ಆದ್ರೆ ಕಾಗದ, ಜಿಡ್ಡು, ಮಿಕ್ಕಿದ್ದೆಲ್ಲ ಗೋಡೆಗೆ ಅಂಟಿಕೊಂಡು ಒದ್ದೆಯಾಗೇ ಇರೋದ್ರಿಂದ, ಈಗಷ್ಟೇ ಖಾಲಿ ಮಾಡಿದ ಟ್ಯಾಂಕೂ ಮೂರನೇ ಎರಡು ತುಂಬಿದೆ ಅಂತಲೇ ತೋರಿಸುತ್ತೆ. ಐಸ್ ತುಂಡು ಸುರಿದು ಗಾಡಿ ಓಡಿಸಿದ್ರೆ ಅದೇ ಉಜ್ಜಿ ತೊಳೆದುಬಿಡುತ್ತೆ ಅಂತ ಅಲ್ಲಿನವರ ಒಂದು ನಂಬಿಕೆಯಂತೆ. ಭಾವ ಅದನ್ನೂ ಮಾಡಿದ್ರು. ಐಸ್ ಕರಗಿತು, ದೀಪ ಆರಲಿಲ್ಲ. ಕೊನೆಗೆ ಹಳೇ ಬೋಲ್ಟ್‌ಗಳ ಸಹವಾಸವೇ ಬೇಡ ಅಂತ ಟ್ಯಾಂಕಿನ ಹೊರಮೈಗೆ ಅಂಟಿಸೋ ಪಟ್ಟಿಯಂಥ ಸೆನ್ಸರ್ ಹಾಕಿಕೊಂಡ್ರು. ಅದು ನೀರನ್ನ ಮುಟ್ಟೋದೇ ಇಲ್ಲ. ಪ್ಲಾಸ್ಟಿಕ್ ಗೋಡೆಯ ಆಚೆ ನೀರಿದೆಯೋ ಗಾಳಿಯಿದೆಯೋ ಅನ್ನೋದನ್ನ ವಿದ್ಯುತ್ತಿನ ಬೇರೊಂದು ಗುಣದಿಂದ ಹಿಡಿಯುತ್ತೆ.

"ನಿಮ್ಮದು ಕಕ್ಕಸಿನ ಟ್ಯಾಂಕಲ್ಲವಲ್ಲ ಮಾರಾಯ್ತಿ, ಕಡ್ಡಿ ತೆಗೆದು ನೋಡು, ವಾಸನೆಯಂತೂ ಬರಲ್ಲ" ಅಂದ್ರು ಭಾವ.

ಶುಕ್ರವಾರ ರಾತ್ರಿ ರೈಲಿಗೆ ಶಿವಮೊಗ್ಗಕ್ಕೆ ಬಂದು, ಬಸ್ ಹಿಡಿದು ಊರು ಸೇರಿದೆ. ಬ್ಯಾಗಲ್ಲಿ ನಾನೂರು ರೂಪಾಯಿಯ ಮಲ್ಟಿಮೀಟರ್ ಇತ್ತು. ಅವ್ವ ಕಾಲಿಗೆ ಬಟ್ಟೆ ಸುತ್ತಿಕೊಂಡೇ ರೊಟ್ಟಿ ಬಡೀತಿದ್ದಳು. ನಾನು ಕಾಲಿನ ಬಗ್ಗೆ ಮಾತೆತ್ತಿದೆ, ಅವಳು ರೊಟ್ಟಿ ತಿನ್ನು ಅಂದಳು.

ಮೊದಲು ಮೇನ್ ಆಫ್ ಮಾಡಿದೆ. ಡಬ್ಬಿಯೊಳಗೆ 230 ವೋಲ್ಟ್ ಇರುತ್ತೆ, ಸೆನ್ಸರಿನ ತಂತಿಯಲ್ಲಿ ಮಾತ್ರ ಕೈಗೆ ತಾಗದಷ್ಟು ಸಣ್ಣ ವೋಲ್ಟೇಜ್. ಯಾವುದು ಯಾವುದು ಅಂತ ಗೊತ್ತಿಲ್ಲದಿದ್ದರೆ ಮುಚ್ಚಳ ತೆಗೆಯಲೇಬೇಡಿ.

ಟ್ಯಾಂಕಿನಿಂದ ಬರೋದು ಮೂರು ತಂತಿ. ಒಂದು ಕಾಮನ್, ಅದರ ಕಡ್ಡಿ ಟ್ಯಾಂಕಿನ ತಳದವರೆಗೆ ಇಳಿದಿರುತ್ತೆ. ಒಂದು ಕೆಳ ಮಟ್ಟದ್ದು, ಒಂದು ಮೇಲ್ಮಟ್ಟದ್ದು. ಕಾಮನ್‌ನಿಂದ ಮೇಲಿನ ಕಡ್ಡಿಗೆ ನೀರಿನ ಮೂಲಕ ಕರೆಂಟ್ ಹರಿದ್ರೆ ತುಂಬಿದೆ ಅಂತ ಡಬ್ಬಿ ತಿಳ್ಕೊಳ್ಳುತ್ತೆ. ಅದಕ್ಕೆ ಗೊತ್ತಿರೋದು ಅಷ್ಟೇ. ನೀರನ್ನ ಅದು ಯಾವತ್ತೂ ನೋಡಿಲ್ಲ.

ಮೂರೂ ತಂತಿ ಬಿಡಿಸಿ ಬೇರೆ ಬೇರೆ ಇಟ್ಟು, ಮುಚ್ಚಳ ಹಾಕಿ ಮೇನ್ ಆನ್ ಮಾಡಿದೆ. ಹಸಿರು ದೀಪ ಆರಿತು, ಮೋಟರ್ ಗುರ್ ಅಂತು. ಮತ್ತೆ ಆಫ್ ಮಾಡಿ, ಕಾಮನ್ ಮತ್ತು ಮೇಲಿನದರ ಸ್ಕ್ರೂಗಳ ನಡುವೆ ತಂತಿ ತುಂಡು ಸೇರಿಸಿ ಆನ್ ಮಾಡಿದೆ. ಹಸಿರು ಹತ್ತಿತು. ಅಂದ್ರೆ ಡಬ್ಬಿ ಸರಿಯಾಗೇ ಇದೆ. ಎರಡನೇ ಡಬ್ಬಿಯ ದುಡ್ಡು ಅಲ್ಲಿಗೇ ಉಳೀತು. ಈ ಎರಡು ನಿಮಿಷದ ಪರೀಕ್ಷೆ ಮಾಡದೆ ಯಾರಾದ್ರೂ ಡಬ್ಬಿ ಬದಲಿಸ್ತೀನಿ ಅಂದ್ರೆ, ಒಂದು ಲೋಟ ಕಾಫಿ ಕೊಟ್ಟು ಕೂರಿಸಿ, ಪರೀಕ್ಷೆ ಮಾಡಿಸಿ.

ಮುಂದಿನ ಅನುಮಾನ ತಂತಿ ಮೇಲೆ. ತಾರಸಿಯ ಬಿಸಿಲಿಗೆ ಮೇಲಿನ ಪ್ಲಾಸ್ಟಿಕ್ ಸೀಳಿರುತ್ತೆ, ಮಂಗ ಜಗ್ಗಿರುತ್ತೆ, ಟೇಪ್ ಸುತ್ತಿದ ಗಂಟಿನೊಳಗೆ ಮಳೆ ನೀರು ನಿಂತಿರುತ್ತೆ. ಟ್ಯಾಂಕಿನ ಹತ್ರ ತಂತಿ ಬಿಡಿಸಿ ಮೀಟರ್ ಹಿಡಿದೆ. ತಂತಿಗಳು ಒಂದಕ್ಕೊಂದು ತಾಗಿರಲಿಲ್ಲ, ಎಲ್ಲೂ ಕಡಿದಿರಲೂ ಇಲ್ಲ. ಇನ್ನು ಉಳಿದದ್ದು ಕಡ್ಡಿಗಳು.

ಮುಚ್ಚಳ ತೆಗೆದು ಕಡ್ಡಿಗಳ ಹಿಡಿಯನ್ನ ಮೇಲಕ್ಕೆಳೆದಾಗ ನಿಜಕ್ಕೂ ಅಸಹ್ಯ ಆಯ್ತು. ಮೂರೂ ಸ್ಟೀಲ್ ಕಡ್ಡಿ ಒಂದೇ ಪ್ಲಾಸ್ಟಿಕ್ ಹಿಡಿಯಿಂದ, ಬೆರಳಗಲ ಅಂತರದಲ್ಲಿ ಇಳಿಬಿದ್ದಿದ್ದವು. ಹಿಡಿಯ ಅಡಿಭಾಗದ ತುಂಬ ಕಂದು ಬಣ್ಣದ ಲೋಳೆ. ಕಡ್ಡಿಗಳ ಮೈಮೇಲೆ ಸುಣ್ಣ ಬಳಿದಂಥ ಬಿಳೀ ಪದರ. ಬೋರ್ ನೀರಿನ ಗಡಸುತನ ಅದು. ಕುಡಿಯೋ ನೀರಿಗೆ ನಮ್ಮ ದೇಶದ ಮಾನದಂಡ ಐಎಸ್ 10500 ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ನಮ್ಮ ನೀರು ಎಷ್ಟಿದೆ ಅಂತ ನಾನು ಪರೀಕ್ಷೆ ಮಾಡಿಸಿಲ್ಲ, ಅವ್ವನ ನೀರು ಕಾಯಿಸೋ ಪಾತ್ರೆಯ ತಳ ನೋಡಿದ್ರೆ ಸಾಕು.

ಇಲ್ಲಿ ಮೀಟರ್ ಒಂದು ವಿಷಯ ತೋರಿಸ್ತು. ಸುಣ್ಣ ಹಿಡಿದ ಕಡ್ಡಿಗಳನ್ನ ನೀರು ತುಂಬಿದ ಬಕೆಟ್‌ನಲ್ಲಿ ಅದ್ದಿ ನಡುವಿನ ತಡೆ ಅಳೆದೆ. ಮುಳ್ಳು ನಿಲ್ಲದೆ ಓಡಾಡೋ ಹಾಗೆ ಅಂಕಿ ಅಲುಗಾಡ್ತಿತ್ತು, ಹೆಚ್ಚುಕಮ್ಮಿ 40 ಸಾವಿರ ಓಮ್. ಆಮೇಲೆ ನೀರಿನಿಂದ ಪೂರ್ತಿ ಹೊರಗೆ ತೆಗೆದು ಗಾಳಿಯಲ್ಲಿ ಹಿಡಿದು ಅಳೆದೆ. ಏನೂ ತೋರಿಸಬಾರದಿತ್ತು. 60 ಸಾವಿರ ತೋರಿಸ್ತು! ಹಿಡಿಯ ಅಡಿಯ ಒದ್ದೆ ಲೋಳೆಯೇ ಕಡ್ಡಿಯಿಂದ ಕಡ್ಡಿಗೆ ಸೇತುವೆ ಕಟ್ಟಿತ್ತು. ನೀರಲ್ಲಿದ್ರೆ 40, ಗಾಳೀಲಿದ್ರೆ 60. ಪಾಪ, ಡಬ್ಬಿ ಯಾವುದನ್ನ ನೀರು ಅಂತ ತಿಳ್ಕೊಬೇಕು?

ಹಳೇ ಕತೆಯೂ ಆಗ ಬಿಡಿಸಿಕೊಂಡಿತು. ಮೊದಲಿನ ಡಬ್ಬಿ ಸ್ವಲ್ಪ ಮಂದ. ಸುಣ್ಣದ ಪದರ ದಾಟಿ ಬರೋ ಕ್ಷೀಣ ಕರೆಂಟ್ ಅದಕ್ಕೆ ಕಾಣಿಸ್ತಿರಲಿಲ್ಲ, ಅದಕ್ಕೇ ಟ್ಯಾಂಕ್ ಉಕ್ಕಿದ್ರೂ ಮೋಟರ್ ನಿಲ್ಲಿಸ್ತಿರಲಿಲ್ಲ. ಹೊಸ ಡಬ್ಬಿ ಚುರುಕು. ಸುಣ್ಣದಾಚೆಗಿನ ನೀರು ಅದಕ್ಕೆ ಕಾಣಿಸ್ತು, ಹಾಗಾಗಿ ರಿಪೇರಿ ಆದಂಗಾಯ್ತು. ಕೆಲವು ತಿಂಗಳಲ್ಲಿ ಲೋಳೆ ಬೆಳೀತು, ಚುರುಕು ಕಣ್ಣಿಗೆ ಅದೂ ನೀರಾಗೇ ಕಾಣಿಸ್ತು. ರೋಗ ಇದ್ದಿದ್ದು ಕಡ್ಡಿಯಲ್ಲಿ, ಡಬ್ಬಿ ಬದಲಿಸಿದ್ದರಿಂದ ಬದಲಾಗಿದ್ದು ಸುಳ್ಳಿನ ದಿಕ್ಕು ಮಾತ್ರ. ಗೋಡೆ ನೆನೆಸೋ ಸುಳ್ಳು ಹೋಗಿ, ಅವ್ವನ್ನ ರಾತ್ರಿ ಹೊತ್ತು ಏಣಿ ಹತ್ತಿಸೋ ಸುಳ್ಳು ಬಂತು.

ಸುಣ್ಣ ಹಿಡಿಯೋಕೆ ಡಬ್ಬಿಯ ಪಾಲೂ ಇದೆ. ಅಗ್ಗದ ಡಬ್ಬಿಗಳು ಕಡ್ಡಿಗಳಿಗೆ ಒಂದೇ ದಿಕ್ಕಿನ ಡಿಸಿ ಕರೆಂಟ್ ಕೊಡ್ತವೆ. ನೆಗೆಟಿವ್ ಕಡ್ಡಿಯ ಸುತ್ತ ನೀರು ಕ್ಷಾರವಾಗಿ, ಕರಗಿದ್ದ ಸುಣ್ಣ ಅಲ್ಲೇ ಕೂರುತ್ತೆ. ಪಾಸಿಟಿವ್ ಕಡ್ಡಿ ನಿಧಾನಕ್ಕೆ ಸವೆಯುತ್ತೆ. ಕಾಲೇಜಿನ ಕೆಮಿಸ್ಟ್ರಿ ಲ್ಯಾಬ್ ನಮ್ಮ ಟ್ಯಾಂಕಿನೊಳಗೇ ದಿನಾ ನಡೀತಿರುತ್ತೆ ಅನ್ನಿ. ದಿಕ್ಕು ಬದಲಿಸ್ತಾ ಇರೋ ಎಸಿ ಅಥವಾ ಆಗಾಗ ಮಾತ್ರ ಮಿಡಿಯೋ ಕರೆಂಟ್ ಕೊಡೋ ಡಬ್ಬಿಗಳಲ್ಲಿ ಈ ಕಾಟ ಬಹಳ ಕಮ್ಮಿ. ಕೊಳ್ಳುವಾಗ ಇದೊಂದು ಕೇಳಿ.

ಸುಣ್ಣ ತೆಗೆಯೋಕೆ ಆ್ಯಸಿಡ್ ತರೋಕೆ ಹೊರಟಿದ್ದೆ. ಅವ್ವ ಕಡ್ಡಿ ನೋಡಿ, "ಹಿತ್ತಾಳೆ ಬಿಂದಿಗೆ ತಿಕ್ಕೋದು ಯಾವುದ್ರಲ್ಲಿ?" ಅಂದಳು. ಹುಣಸೆಹಣ್ಣು ನೆನೆಹಾಕಿ ಗಟ್ಟಿ ಹುಳಿಯಲ್ಲಿ ಕಡ್ಡಿಗಳನ್ನ ಒಂದು ಗಂಟೆ ಬಿಟ್ಟು ಉಜ್ಜಿದ್ವಿ. ಉಕ್ಕಿನ ಬಣ್ಣ ಬಂತು. ಮತ್ತೆ ಬಕೆಟ್‌ನಲ್ಲಿ ಅಳೆದ್ರೆ 4 ಸಾವಿರ ಓಮ್. ಗಾಳಿಯಲ್ಲಿ ಏನೂ ಇಲ್ಲ.

ಅಲ್ಲಿಗೇ ಬಿಡಬಹುದಿತ್ತು. ಆದ್ರೆ ಆರು ತಿಂಗಳಿಗೆ ಇದೇ ಲೋಳೆ ಮತ್ತೆ ಬರೋದು ಖಂಡಿತ, ಆಗ ಹತ್ತೋರು ಯಾರು? ಹಾಗಾಗಿ ಬದಲಿಸೋದೇ ಅಂತ ತೀರ್ಮಾನಿಸಿದೆ. ಭಾವ ಹೇಳಿದ ಹೊರಗೆ ಅಂಟಿಸೋ ಪಟ್ಟಿ ನನಗೂ ಆಸೆ ಹುಟ್ಟಿಸಿತ್ತು. ಅದು ಕೆಟ್ಟ ದಿನ ಹೊನ್ನಾಳಿಯಲ್ಲೂ ಸಿಗಲ್ಲ, ಚನ್ನಗಿರಿಯಲ್ಲೂ ಸಿಗಲ್ಲ. ಆನ್‌ಲೈನ್ ಪಾರ್ಸೆಲ್ ಬರೋವರೆಗೆ ಅವ್ವ ಮತ್ತೆ ಏಣಿ. ಮೇಲಾಗಿ ನಮ್ಮ ಟ್ಯಾಂಕಿನ ಗೋಡೆ ಹಲವು ಪದರದ ದಪ್ಪದ್ದು, ಬಿಸಿಲಿಗೆ ಮೈಯೊಡ್ಡಿ ನಿಂತಿರೋದು. ಸ್ಟೀಲ್ ಕಡ್ಡಿಯಾದ್ರೆ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತೆ, ಯಾವ ಎಲೆಕ್ಟ್ರಿಷಿಯನ್ನೂ ಹಾಕಬಲ್ಲ. ಊರಲ್ಲಿ ರಿಪೇರಿಯಾಗೋ ವಸ್ತುವೇ ಊರಿಗೆ ಒಳ್ಳೇದು ಅಂತ ನನ್ನ ಲೆಕ್ಕ.

ಹೊಸ ಕಡ್ಡಿಗಳನ್ನ ಒಂದೇ ಹಿಡಿಯಲ್ಲಿ ಕಟ್ಟಲಿಲ್ಲ. ಕಾಮನ್ ಟ್ಯಾಂಕಿನ ಒಂದು ಬದಿಗೆ, ಮಿಕ್ಕ ಎರಡು ಇನ್ನೊಂದು ಬದಿಗೆ ಬೇರೆ ಬೇರೆ ತೂತಿನಿಂದ ಇಳಿಬಿಟ್ಟೆ. ಪ್ರತಿ ಕಡ್ಡಿಗೂ ಮೇಲಿಂದ ಕೆಳಗಿನವರೆಗೆ ಪ್ಲಾಸ್ಟಿಕ್ ಕೊಳವೆಯ ಅಂಗಿ ತೊಡಿಸಿ, ತುದಿಯ ಎರಡು ಇಂಚು ಮಾತ್ರ ಬರಿಮೈ ಬಿಟ್ಟೆ. ಈಗ ಲೋಳೆ ಸೇತುವೆ ಕಟ್ಟಬೇಕಂದ್ರೆ ಮೂರಡಿ ಕಟ್ಟಬೇಕು. ಮೇಲಿನ ಕಡ್ಡಿಯ ತುದಿ ಹೊರಹರಿವಿನ ಪೈಪಿಗಿಂತ ಒಂದು ಗೇಣು ಕೆಳಗೆ. ಕೆಳಗಿನದರ ತುದಿ ಮನೆಗೆ ನೀರಿಳಿಯೋ ಪೈಪಿಗಿಂತ ಒಂದು ಗೇಣು ಮೇಲೆ, ಹಾಗಿದ್ರೆ ನಲ್ಲಿ ಒಣಗೋಕೆ ಮುಂಚೆಯೇ ಮೋಟರ್ ಶುರುವಾಗುತ್ತೆ. ತಂತಿಯ ಗಂಟನ್ನ ಬಿಸಿಲಿಗೆ ಬಿಡದೆ ಸಣ್ಣ ಪೆಟ್ಟಿಗೆಯೊಳಗೆ ಹಾಕಿ, ತಂತಿ ಒಳಗೆ ಹೋಗೋ ಮುಂಚೆ ಜೋಲುಬಿಟ್ಟು ಸುತ್ತಿಸಿದೆ. ಮಳೆ ಹನಿ ತಂತಿಗುಂಟ ಒಳಗೆ ಹೋಗದೆ ಜೋಲಿನಲ್ಲೇ ತೊಟ್ಟಿಕ್ಕಿಬಿಡುತ್ತೆ.

ಸಂಪಿನ ಕಡೆ ಕಡ್ಡಿ ಬೇಡ ಅನ್ನಿಸ್ತು, ಅಲ್ಲಿ ಕೆಸರು ಜಾಸ್ತಿ. ಅಯಸ್ಕಾಂತ ಇರೋ ತೇಲು ಬುರುಡೆಯ ಸೆನ್ಸರ್ ಹಾಕಿದೆ. ನೀರಿದ್ರೆ ಬುರುಡೆ ಮೇಲೇರಿ ನಡುಗಡ್ಡಿಯೊಳಗಿನ ಸ್ವಿಚ್ಚನ್ನ ಸೇರಿಸುತ್ತೆ. ನೀರಿಲ್ಲದಿದ್ರೆ, ಅಥವಾ ತಂತಿಯೇ ಕಡಿದ್ರೂ, ಮೋಟರ್ ನಿಲ್ಲುತ್ತೆ. ಸಂಪು ಬರಿದಾದಾಗ ಮೋಟರ್ ಓಡಿದ್ರೆ ಅದರ ಸೀಲ್ ತಂಪಿಲ್ಲದೆ ಸುಟ್ಟು ಹೋಗುತ್ತೆ. ಮೇಲಿನ ಟ್ಯಾಂಕಿನ ಲೆಕ್ಕ ಉಲ್ಟಾ. ಅಲ್ಲಿ ತಂತಿ ಕಡಿದ್ರೆ ಡಬ್ಬಿಗೆ ತುಂಬಿಲ್ಲ ಅಂತ ಅನ್ನಿಸಿ ಮೋಟರ್ ಓಡ್ತಾನೇ ಇರುತ್ತೆ. ಅದಕ್ಕೆ ಒಂದು ಟೈಮರ್ ಸೇರಿಸಿದೆ. ನಮ್ಮ ಮೋಟರ್ ಟ್ಯಾಂಕ್ ತುಂಬಿಸೋಕೆ 25 ನಿಮಿಷ ತಗೊಳ್ಳುತ್ತೆ, 40 ನಿಮಿಷ ಆದ್ರೂ ತುಂಬದಿದ್ರೆ ತಾನೇ ನಿಲ್ಲಲಿ. ಸಂಪಿನೊಳಗೆ ಮಾತ್ರ ಯಾರೂ ಇಳೀಬೇಡಿ. ಮುಚ್ಚಿದ ಸಂಪಿನ ಕೆಟ್ಟ ಗಾಳಿಗೆ ಜೀವ ಹೋದ ಸುದ್ದಿಗಳನ್ನ ಪೇಪರಲ್ಲಿ ಓದಿರ್ತೀರಿ. ನಾನು ಎಲ್ಲವನ್ನೂ ಬಾಯಲ್ಲೇ ಮಂಡಿಯೂರಿ ಕೂತು ಮಾಡಿದ್ದು.

ಸಂಜೆ ಹೊತ್ತಿಗೆ ಎಲ್ಲ ಕೆಲಸ ಮಾಡ್ತಿತ್ತು. ನಾನು ಹೆಮ್ಮೆಯಿಂದ ಅವ್ವನ್ನ ಕರೆದು ದೀಪ ತೋರಿಸಿದೆ. ಅವಳು ನೋಡಿದಳು. ಆಮೇಲೆ ಸೀರೆ ಎತ್ತಿಕಟ್ಟಿ ಮೆಟ್ಟಿಲ ಕಡೆ ನಡೆದಳು.

"ಎಲ್ಲಿಗವ್ವ?"

"ಬಡಿದು ನೋಡಿ ಬರ್ತೀನಿ."

ಸಿಟ್ಟು ಬಂತು. ಆದ್ರೆ ಅವಳ ಕಡೆಯಿಂದ ನೋಡಿದ್ರೆ? ಆ ದೀಪ ಎರಡು ಸಲ ಕೈಕೊಟ್ಟಿದೆ. ಮೂರನೇ ಸಲ ನಿಜ ಹೇಳ್ತಿದೆ ಅಂತ ನನಗೆ ಗೊತ್ತು, ಯಾಕಂದ್ರೆ ನಾನು ಮೀಟರ್ ಹಿಡಿದಿದ್ದೆ. ಅವಳ ಹತ್ರ ಏನಿದೆ? ಕಾಲು ಸರಿ ಇರಲಿ, ಇಲ್ಲದಿರಲಿ, ಅವಳು ಹತ್ತೇ ಹತ್ತುತ್ತಾಳೆ. ನಮ್ಮ ಕಡೆಯವರಿಗೆ ನೀರಿನ ಮಟ್ಟ ಕಣ್ಣಾರೆ ನೋಡೋ ಚಟ. ಮಳೆಗಾಲದಲ್ಲಿ ಹೊನ್ನಾಳಿ ಸೇತುವೆ ಮೇಲೆ ಬಸ್ ಬಂದಾಗ ತುಂಗಭದ್ರೆ ಎಲ್ಲಿವರೆಗೆ ಏರಿದ್ದಾಳೆ ಅಂತ ಬಸ್ಸೆಲ್ಲ ಒಂದೇ ಕಿಟಕಿಗೆ ಬಗ್ಗುತ್ತೆ.

ಭಾನುವಾರ ಬೆಳಿಗ್ಗೆ ಇನ್ನೊಂದು ಮಾಡಿದೆ. ಇದರಲ್ಲಿ ಕರೆಂಟೇ ಇಲ್ಲ. ಎರಡು ಲೀಟರಿನ ಹೊಸ ಪ್ಲಾಸ್ಟಿಕ್ ಡಬ್ಬದಲ್ಲಿ ಮುಕ್ಕಾಲು ನೀರು ತುಂಬಿ, ಬಿಗಿಯಾಗಿ ಮುಚ್ಚಿ ಟ್ಯಾಂಕಿನೊಳಗೆ ತೇಲಿಬಿಟ್ಟೆ. ಅದರ ಕತ್ತಿಗೆ ಕಟ್ಟಿದ ನೈಲಾನ್ ಹಗ್ಗ ಮುಚ್ಚಳದ ತೂತಿನಿಂದ ಹೊರಬಂದು, ಒಂದು ಸಣ್ಣ ರಾಟೆ ಹತ್ತಿ, ಟ್ಯಾಂಕಿನ ಹೊರಮೈ ಮೇಲೆ ಇಳಿಯುತ್ತೆ. ತುದಿಯಲ್ಲಿ ಕೆಂಪು ಬಣ್ಣ ಬಳಿದ, ಮರಳು ತುಂಬಿದ ಪುಟ್ಟ ಡಬ್ಬಿ. ಹೊರಗಿನದು ಒಳಗಿನದಕ್ಕಿಂತ ಹಗುರ ಇರಬೇಕು, ಇಲ್ಲದಿದ್ರೆ ತೇಲೋ ಡಬ್ಬವನ್ನೇ ಮೇಲಕ್ಕೆ ಜಗ್ಗಿಬಿಡುತ್ತೆ. ಕಪ್ಪು ಟ್ಯಾಂಕಿನ ಮೇಲೆ ಬಿಳೀ ಬಣ್ಣದಲ್ಲಿ ನಾಲ್ಕು ಗೆರೆ ಎಳೆದೆ. ಹಗ್ಗದ ತೂತಿಗೆ ಸೊಳ್ಳೆ ಹೋಗದಂತೆ ಬಲೆ ತುರುಕಿದೆ, ಡೆಂಗ್ಯೂ ಸೊಳ್ಳೆಗೆ ಇಷ್ಟೇ ಸಂದು ಸಾಕು. ಹಿತ್ತಲಲ್ಲಿ ತುಳಸಿಕಟ್ಟೆ ಹತ್ರ ನಿಂತು ಕತ್ತೆತ್ತಿದ್ರೆ ಕೆಂಪು ಡಬ್ಬಿ ಚೆನ್ನಾಗಿ ಕಾಣುತ್ತೆ. ರಾತ್ರಿಗೆ ಬ್ಯಾಟರಿ ಬಿಟ್ಟರೆ ಸಾಕು.

ಲೆಕ್ಕ ತಲೆಕೆಳಗಾಗಿರುತ್ತಲ್ಲ, ಅವ್ವನಿಗೆ ಹೇಗೆ ಹೇಳೋದು ಅಂತ ಯೋಚಿಸ್ತಿದ್ದೆ. ನಾನು ಬಾಯಿ ತೆಗೆಯೋಕೆ ಮುಂಚೆ ಅವಳೇ ಹೇಳಿದಳು: "ಬಾವಿ ರಾಟೆ ಇದ್ದಂಗೆ. ಒಳಗಿನ ಕೊಡ ಮೇಲೆ ಬಂದ್ರೆ ಹಗ್ಗ ಈ ಕಡೆ ಇಳೀತೈತೆ. ಡಬ್ಬಿ ಕೆಳಗಿದ್ರೆ ಟ್ಯಾಂಕ್ ತುಂಬೈತೆ ಅಂತ."

ಈಗ ಎರಡು ತಿಂಗಳಾಯ್ತು. ವಾರಕ್ಕೊಮ್ಮೆ ಫೋನಲ್ಲಿ ಡಬ್ಬಿ ಎಷ್ಟನೇ ಗೆರೆಯಲ್ಲಿದೆ ಅಂತ ತಾನೇ ವರದಿ ಕೊಡ್ತಾಳೆ. ಒಂದು ದಿನ ದೀಪಕ್ಕೂ ಡಬ್ಬಿಗೂ ಹೊಂದಲಿಲ್ಲ. ಹಗ್ಗ ರಾಟೆಯಿಂದ ಜಾರಿತ್ತು ಅಷ್ಟೇ, ಪಕ್ಕದ ಮನೆ ಹುಡುಗ ಹತ್ತಿ ಸರಿ ಮಾಡಿದ. ಹೇಗೆ ಹತ್ತಿದ ಅಂತ ಕೇಳಿದೆ.

"ಅವರ ಮನೆ ಏಣಿ ತಂದಿದ್ದ. ನಮ್ಮದನ್ನ ನಿಮ್ಮ ಚಿಕ್ಕಪ್ಪ ಕೇಳಿದ್ರು, ತೋಟಕ್ಕೆ ಬೇಕಂತೆ. ಒಯ್ಯಿ ಅಂದೆ" ಅಂದಳು ಅವ್ವ.